ಕರಿಯಪ್ಪನವರ ಇಟ್ಟಿಗೆ ಅಕ್ಷರ

ಹಾರೋಹಳ್ಳಿಯಲ್ಲಿ ಕಾರ್ಖಾನೆ ಗೋಡೆಗಳ ಮೇಲೆ ಹೆಸರು ಬರೆಯುವವರು ಕರಿಯಪ್ಪನವರು. ಉಯ್ಯಂಬಳ್ಳಿ ಕಡೆಯವರು. ಮೊದಲು ಅಂಗಡಿ ಬೋರ್ಡುಗಳಿಗೆ ಬಳ್ಳಿ, ಗಿಳಿ ಎಲ್ಲ ಹಾಕಿ ಬರೆಯುತ್ತಿದ್ದರಂತೆ. ಕಾರ್ಖಾನೆಗಳು ಸಾಲಾಗಿ ಬಂದವು, ಗಿಳಿ ಹಾರಿಹೋಯಿತು. ಈಗ ಅವರ ಅಕ್ಷರಗಳಿಗೆ ಸೊಂಟವೂ ಇಲ್ಲ, ಕತ್ತೂ ಇಲ್ಲ. ತಲೆಕಟ್ಟು ಶೆಡ್ಡಿನ ತಗಡಿನಂತೆ ನೆಟ್ಟಗೆ. ಕನ್ನಡದ ದುಂಡೆಲ್ಲ ಚೌಕ.

"ಇಟ್ಟಿಗೆ ಅಕ್ಷರ ಕಣವ್ವ. ಲಾರಿ ಗುದ್ದಿದ್ರೂ ಬೀಳಾಕಿಲ್ಲ" ಎನ್ನುತ್ತಾರೆ.

ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಗಂಡನ ನೌಕರಿಗಾಗಿ ಇಲ್ಲಿಗೆ ಬಂದ ಮೇಲೆ ಹೆದರುವುದೇ ನನ್ನ ಉದ್ಯೋಗ. ಮಗ ಸಿದ್ಧಾರ್ಥನಿಗೆ ಮೂರು ವರ್ಷ. ನಮ್ಮ ಮನೆ ಮುಂದಿನ ತಿರುವಿನಲ್ಲಿ ಕಂಪನಿ ಬಸ್ಸುಗಳು ವೇಗ ಇಳಿಸುವುದೇ ಇಲ್ಲ. ಗೇಟಿಗೆ ಚಿಲಕ, ಚಿಲಕಕ್ಕೆ ಬೀಗ, ಬೀಗಕ್ಕೊಂದು ಆಂಜನೇಯನ ದಾರ. ಇಷ್ಟಾದರೂ ಒಂದು ದಿನ ಅವನು ಗೇಟಿನ ಸಂದಿಯಿಂದ ನುಸುಳಿ ರಸ್ತೆ ಮಧ್ಯೆ ನಿಂತ. ಬಸ್ಸು ಅವನ ಪಕ್ಕದಲ್ಲೇ ಹಾದುಹೋಯಿತು.

"ಗೇಟಿಗೆ ಜಾಲರಿ ಹಾಕಿಸಿದ್ರೆ ಆಯ್ತು" ಎಂದರು ನನ್ನ ಗಂಡ. ಇಷ್ಟು ಸುಲಭದ ಉಪಾಯ ಅವರಿಗೆ ಹೊಳೆದದ್ದನ್ನು ನಾನು ಹೇಗೆ ಒಪ್ಪಲಿ? ಕರಿಯಪ್ಪನವರನ್ನು ಕರೆಸಿದೆ.

"ಕಾಂಪೌಂಡಿನ ಮೇಲೆ ‘ನಿಧಾನ, ಮಗು ಇದೆ’ ಅಂತ ಬರೀರಿ. ದೂರದಿಂದ ಕಾಣಬೇಕು."

"ಒಸಿ ದಪ್ಪಕ್ಕೆ ಬರೀಲಾ?"

"ಎಷ್ಟಾಗುತ್ತೋ ಅಷ್ಟು ದಪ್ಪ."

ಹಳದಿಯ ಮೇಲೆ ಕಪ್ಪು, ಗೋಡೆಯುದ್ದಕ್ಕೂ. ‘ಮಗು’ ಎಂಬುದನ್ನು ಕ್ರೇನಿನಲ್ಲಿ ತಂದು ಇಳಿಸಿದಂತಿತ್ತು.

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಜನ. ಕೈಯಲ್ಲಿ ಮಾರ್ಕ್ಸ್ ಕಾರ್ಡು, ಊಟದ ಡಬ್ಬಿ.

"ಹೊಸ ಫ್ಯಾಕ್ಟ್ರಿನಾ ಅಕ್ಕ? ಹೆಣ್ಮಕ್ಕಳ್ನೂ ತಗತಾರಾ?" ಮುನಿರತ್ನಮ್ಮ ಎಂಬಾಕೆ ಕೇಳಿದಳು.

"ಇದು ಮನೆ! ಗೋಡೆ ಮೇಲೆ ಬರೆದಿದೆಯಲ್ಲ, ಓದಿ."

"ಕಂಪ್ನಿ ಗೋಡೆ ಯಾರಕ್ಕ ಓದ್ತಾರೆ? ಅಕ್ಷರದ ದಪ್ಪ ನೋಡೇ ಬಂದೊ."

ದಿನಾ ಇದೇ ಗೋಳು. ಕಡೆಗೆ ಅಳಿಸಿಬಿಡಿ ಎಂದು ಕರಿಯಪ್ಪನವರಿಗೆ ಹೇಳಿಕಳಿಸಿದೆ. ಅವರು ಸುಣ್ಣದ ಬಕೆಟ್ಟು ಕೆಳಗಿಡುವ ಹೊತ್ತಿಗೆ ಬಸ್ಸು ಬಂತು. ಗೇಟಿನಲ್ಲಿ ಜನ ಕಂಡದ್ದೇ ಬ್ರೇಕು ಹಾಕಿ ನಿಂತೇಬಿಟ್ಟಿತು. ಡ್ರೈವರು ಕತ್ತು ಹೊರಹಾಕಿ, "ಯಾವ್ ಶಿಫ್ಟ್‌ನೋರು ಹತ್ಕಬೇಕು?" ಎಂದ. ಅವನೂ ಓದಿರಲಿಲ್ಲ.

ಕರಿಯಪ್ಪನವರು ನನ್ನ ಮುಖ ನೋಡಿದರು. "ಅಳ್ಸಿದ್ರೆ ಜನ ಬರಾಕಿಲ್ಲ ಕಣವ್ವ. ಜನ ಬರದೇ ಇದ್ರೆ ಬಸ್ಸು ನಿಲ್ಲಾಕಿಲ್ಲ. ಏನ್ಮಾಡವಾ?"

"ಇರಲಿ ಬಿಡಿ" ಎಂದೆ.

ಈಗ ಗೇಟಿಗೆ ಜಾಲರಿಯೂ ಇದೆ, ಗಂಡನ ಉಪಾಯವೆಂದು ಯಾರೂ ಹೇಳಬಾರದು. ಬೆಳಿಗ್ಗೆ ಮಗನನ್ನು ಸೊಂಟಕ್ಕೇರಿಸಿಕೊಂಡು ನಾನೇ ಅಲ್ಲಿ ನಿಲ್ಲುತ್ತೇನೆ: "ಇಲ್ಲಿ ಕೆಲಸ ಇಲ್ಲ, ಬಲಕ್ಕೆ ಹೋಗಿ ಎರಡನೇ ಗೇಟಿನಲ್ಲಿ ಕೇಳಿ." ಬಸ್ಸು ನಿಧಾನವಾಗಿ ಹೋಗುತ್ತದೆ, ಮಗ ಕೈಬೀಸುತ್ತಾನೆ.

ಮೊನ್ನೆ ಕರಿಯಪ್ಪನವರು ಮಿಕ್ಕ ಬಣ್ಣ ತಂದು, ನಾನು ನಿಲ್ಲುವ ಜಾಗದ ಪಕ್ಕ ‘ಸೆಕ್ಯುರಿಟಿ’ ಎಂದು ಬರೆಯುತ್ತೇನೆ ಎಂದರು. ಹೋಗಲಿ, ಸಣ್ಣದಾಗಿ ಬರೀರಿ ಎಂದೆ.

ಸಣ್ಣದಾಗಿ ಬರೆಯುವುದು ಅವರಿಗೆ ಮರೆತೇ ಹೋಗಿದೆ.