ಮುಚ್ಚಳ ಕೂತಿತು, ಡಿಸ್ಕ್ ಕಾಣಲಿಲ್ಲ

ನಮ್ಮ ಚೆನ್ನಯಣ್ಣನಿಗೆ ಹಾಳಾದ ಸಾಮಾನು ಬಿಸಾಡುವುದೆಂದರೆ ಒಂದು ಧರ್ಮ. ಮುಂಬಯಿಯ ಸಯನ್‌ನ ಉಡುಪಿ ಹೋಟೆಲೊಂದರ ಸ್ಟೋರಿನ ಬೀಗದ ಕೈ ಮೀಸೆ ಚಿಗುರಿದಂದಿನಿಂದ ನಿವೃತ್ತಿಯವರೆಗೂ ಅವನ ಸೊಂಟದಲ್ಲೇ ಇತ್ತು. ಹುಳ ಬಿದ್ದ ಉದ್ದು, ಬೂಸ್ಟು ಹಿಡಿದ ತೆಂಗಿನಕಾಯಿ, ಮಗ್ಗುಲು ಕೊಳೆತ ಕುಂಬಳ, ಯಾವುದನ್ನೂ ಅವನು ಮರುದಿನಕ್ಕೆ ಉಳಿಸಿದವನಲ್ಲ. "ಹಾಳಾದದ್ದು ಸ್ಟೋರಿನಲ್ಲಿ ರಾತ್ರಿ ಕಳೀಬಾರ್ದು, ಪಕ್ಕದ್ದನ್ನೂ ಹಾಳು ಮಾಡ್ತದೆ" ಎಂಬುದು ಅವನ ಕಾನೂನು. "ಸ್ವಲ್ಪ ಆರಿಸಿ ನೋಡು ಮಾರಾಯ" ಎಂದು ಧಣಿಗಳೇ ಬೇಡಿಕೊಂಡದ್ದುಂಟು. ಕೇಳಿದವನಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಆದರೆ ಆ ಹೋಟೆಲಿನಲ್ಲಿ ತಿಂದು ಒಬ್ಬನೂ ಹೊಟ್ಟೆ ಕೆಡಿಸಿಕೊಂಡದ್ದಿಲ್ಲ, ಅದನ್ನೂ ಹೇಳದಿದ್ದರೆ ನನಗೆ ಪಾಪ ಬಂದೀತು.

ನಾನು ದೇವಾನಂದ. ಅವನದ್ದೇ ಬಿಲ್ಡಿಂಗಿನಲ್ಲಿ ಒಂದು ಮಾಳಿಗೆ ಕೆಳಗೆ ನನ್ನ ಮನೆ. ಊರಿನವರೆಲ್ಲ ಸೇರಿ ಇಲ್ಲಿ ಕಟ್ಟಿಕೊಂಡ ತಾಳಮದ್ದಳೆ ಕೂಟದಲ್ಲಿ ನಾನು ಮದ್ದಳೆ ಬಾರಿಸುವವನು. ಚೆನ್ನಯಣ್ಣನ ಹೆಂಡತಿ ನೀಲಾವತಿ ಅಕ್ಕ ನಮ್ಮ ಅರ್ಥಧಾರಿ. ತಾಳಮದ್ದಳೆ ಕಾಣದವರಿಗೆ ಒಂದು ಮಾತು: ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕುಳಿತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಆ ಗಳಿಗೆಗೆ ಹುಟ್ಟಿದ್ದು ಆ ಗಳಿಗೆಗೇ ಮುಗಿಯಿತು. ನಾಳೆ ಅದೇ ಪದಕ್ಕೆ ಬೇರೆಯೇ ಮಾತು. ಗಂಡನ ತಪ್ಪನ್ನು ತುಂಬಿದ ಸಭೆಯಲ್ಲಿ ಎತ್ತಿ ಹೇಳುವ ರಾಣಿಯಾಗಿ ನೀಲಾವತಿ ಅಕ್ಕ ಬಾಯಿ ತೆರೆದರೆ, ನನ್ನ ಕೈ ಮದ್ದಳೆಯ ಮೇಲೆ ಹಾಗೇ ನಿಂತುಬಿಡುತ್ತಿತ್ತು. ಅದನ್ನೆಲ್ಲ ವಿಡಿಯೊ ಮಾಡಿ ತನ್ನ ಲ್ಯಾಪ್‌ಟಾಪಿಗೆ ಹಾಕಿಡುತ್ತಿದ್ದವನು ಚೆನ್ನಯಣ್ಣ. ಒಂದು ಕಾರ್ಯಕ್ರಮ ಲ್ಯಾಪ್‌ಟಾಪಿಗೆ ಏರಿತೆಂದರೆ ಕ್ಯಾಮೆರಾದ ಕಾರ್ಡು ಅಳಿಸಿ ಮುಂದಿನದಕ್ಕೆ ತಯಾರು. ಯೂಟ್ಯೂಬಿಗಾದರೂ ಹಾಕು ಎಂದರೆ, "ಮನೆ ಹೆಂಗಸಿನ ಮಾತು ಕಂಡಕಂಡವರ ಮೊಬೈಲಿಗೆ ಯಾಕೆ? ನನ್ನ ಹತ್ರ ಜೋಪಾನ ಉಂಟಲ್ಲ" ಎನ್ನುತ್ತಿದ್ದ.

ಆಮೇಲೆ ನೀಲಾವತಿ ಅಕ್ಕನ ಗಂಟಲಿನಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು. ಜೀವ ಉಳಿಯಿತು, ಸ್ವರ ಹೋಯಿತು. ಈಗ ಅವರು ಮಾತಾಡಿದರೆ ಪಿಸುಗುಟ್ಟಿದಷ್ಟೇ. ಗಡಿಯಾರ ಟಿಕ್ ಎಂದರೂ ಅಡ್ಡ ಬರುತ್ತದೆ. ಆ ಹೊತ್ತಿಗೆ ಮೊಮ್ಮಗಳು ಯಕ್ಷಿತಾಳಿಗೆ ಹುಚ್ಚು ಹತ್ತಿತು. ಕಾಲೇಜಿಗೆ ಹೋಗುವ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಆಡಲು ಹೋದರೆ ಎಡವುತ್ತಾಳೆ. ಅವಳೇ ಒಂದು ದಿನ, "ಅಜ್ಜಿ, ನಾನು ಅರ್ಥ ಹೇಳ್ಲಿಕ್ಕೆ ಸೀಖೂಂಗಿ, ಕಲೀತೇನೆ. ನಿಮ್ಮ ವಿಡಿಯೊ ನೋಡಿ, ಲೈನ್ ಬೈ ಲೈನ್" ಎಂದಳು. ಅಕ್ಕನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತನ್ನ ಸ್ವರ ಇನ್ನೊಂದು ಗಂಟಲಿಗೆ ಹೋಗಿ ಸೇರುತ್ತದಲ್ಲ ಎಂಬ ಆಸೆ ಯಾರಿಗೆ ತಾನೇ ಆಗದು?

ನೋಡಲು ಕೂರಬೇಕು ಎನ್ನುವಷ್ಟರಲ್ಲಿ ಲ್ಯಾಪ್‌ಟಾಪ್ ಆನ್ ಆಗಲಿಲ್ಲ. ರಿಪೇರಿಯವನು ಬಿಚ್ಚಿ ನೋಡಿ ಮದರ್‌ಬೋರ್ಡು ಹೋಗಿದೆ ಎಂದ. ಒಳಗಿಂದ ಚೂಯಿಂಗ್ ಗಮ್ಮಿನ ಪಟ್ಟಿಯಂಥ ಒಂದು ತುಣುಕು ತೆಗೆದು ಕೈಗಿಟ್ಟು, "ಅಂಕಲ್, ನಿಮ್ಮ ಡೇಟಾ ಎಲ್ಲ ಇದರಲ್ಲಿದೆ, ಎಸ್‌ಎಸ್‌ಡಿ. ಒಂದು ಎನ್‌ಕ್ಲೋಷರ್ ತಗೊಂಡು ಹಾಕಿ, ಪೆನ್ ಡ್ರೈವ್ ಥರ ಓಡುತ್ತೆ" ಎಂದು ಹಿಂದಿಯಲ್ಲಿ ಹೇಳಿ ಕಳಿಸಿದ. ಎನ್‌ಕ್ಲೋಷರ್ ಎಂದರೆ ಆ ಪಟ್ಟಿ ಕೂರುವ ಸಣ್ಣ ಲೋಹದ ಡಬ್ಬಿ. ಒಂದು ತುದಿಯಲ್ಲಿ ಕೇಬಲ್ ಸಿಕ್ಕಿಸಿ ಯಾವ ಕಂಪ್ಯೂಟರಿಗೆ ಬೇಕಾದರೂ ಹಚ್ಚಬಹುದು.

ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಇಬ್ಬರೂ ಹೋದೆವು. ಅಂಗಡಿಯವನು ನ್ಯಾಯವಾಗಿ ಕೇಳಿದ, "ಕೌನ್‌ಸಾ ಚಾಹಿಯೆ? ಎನ್‌ವಿಎಂಇ ಯಾ ಸಾಟಾ? ದೋನೋಂ ವಾಲಾ ಭೀ ಹೈ." ಪಟ್ಟಿಯಲ್ಲಿ ಎರಡು ಜಾತಿ, ಯಾವುದರ ಡಬ್ಬಿ ಬೇಕು, ಎರಡಕ್ಕೂ ಆಗುವುದೂ ಇದೆ ಎಂದು. ಚೆನ್ನಯಣ್ಣ ಉತ್ತರ ಕೊಡಲಿಲ್ಲ. ಕಿಸೆಯಿಂದ ಪಟ್ಟಿ ತೆಗೆದು, ಶೋಕೇಸಿನ ಮೇಲಿದ್ದ ಡಬ್ಬಿಗೆ ತಾನೇ ತೂರಿಸಿ, ಮುಚ್ಚಳ ಹಾಕಿ ಒತ್ತಿದ. ಟಪ್ ಎಂದು ಕೂತಿತು. "ಫಿಟ್ ಹೋ ಗಯಾ ನಾ? ಬಸ್." ನನ್ನ ಕಡೆ ತಿರುಗಿ, "ಸ್ಟೋರಿನಲ್ಲಿ ಎಷ್ಟು ಡಬ್ಬಿ ನೋಡಿದ್ದೇನೆ ಮಾರಾಯ. ಯಾವ ಮುಚ್ಚಳ ಕೂರ್ತದೋ ಅದೇ ಅದರ ಮುಚ್ಚಳ" ಎಂದು ನಕ್ಕ. ನನಗೂ ಸರಿಯೆನಿಸಿತು. ಡಬ್ಬಿಯ ಒಳಗೇನು ನಡೆಯುತ್ತದೆ ಎಂಬುದು ನನಗಾದರೂ ಏನು ಗೊತ್ತು?

ಮನೆಯಲ್ಲಿ ಅಜ್ಜ ಮೊಮ್ಮಗಳು ಸೇರಿ ಅದನ್ನು ಯಕ್ಷಿತಾಳ ಕಂಪ್ಯೂಟರಿಗೆ ಹಚ್ಚಿದರು. ಡಬ್ಬಿಯ ಸಣ್ಣ ದೀಪ ಹೊತ್ತಿತು. ಅಕ್ಕ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರು. ಪರದೆಯ ಮೇಲೆ ಏನೂ ಬರಲಿಲ್ಲ. ತೆಗೆದರು, ಊದಿದರು, ಮತ್ತೆ ಹಾಕಿದರು, ಕೇಬಲ್ ಬದಲಿಸಿದರು. ಊಹೂಂ.

"ಸತ್ತಿದೆ" ಎಂದ ಚೆನ್ನಯಣ್ಣ. "ಕರೆಂಟ್ ಹೋಗ್ತಾ ಉಂಟು, ಡಬ್ಬಿ ಸರಿ ಉಂಟು, ಪಟ್ಟಿ ಕಾಣ್ತಾ ಇಲ್ಲ. ಅಂದ್ರೆ ಪಟ್ಟಿ ಸತ್ತಿದೆ."

"ಅಜ್ಜ, ಇಟ್ಟುಕೊಳ್ಳುವಾ. ಸಂಡೇ ಮನೀಶ್ ಅಂಕಲ್ ಬರ್ತಾರಲ್ಲ, ಉನ್ಕೋ ದಿಖಾತೇ ಹೈ" ಎಂದಳು ಯಕ್ಷಿತಾ. ಮನೀಶ ಎಂದರೆ ಅಕ್ಕನ ಅಣ್ಣನ ಮಗ, ಬೊರಿವಲಿಯಿಂದ ಬಾಂದ್ರಾದ ಆಫೀಸಿಗೆ ಹೋಗಿಬಂದು ಕಂಪ್ಯೂಟರ್ ಕೆಲಸ ಮಾಡುವವನು.

"ಸತ್ತದ್ದನ್ನು ಎಂತ ತೋರಿಸುದು?" ಎಂದು ಚೆನ್ನಯಣ್ಣ ಎದ್ದ. ಅಂದು ಸಂಜೆ ಕಸದ ಡಬ್ಬ ಕೆಳಗಿಳಿಸುವಾಗ ಸೋರೆಕಾಯಿಯ ಸಿಪ್ಪೆ, ಚಹಾದ ಚರಟದ ಜೊತೆ ಆ ಪಟ್ಟಿಯೂ ಹೋಯಿತು. ಡಬ್ಬಿ ಹೊಸದು, ಅದನ್ನು ಕಪಾಟಿನಲ್ಲಿಟ್ಟ. ನೀಲಾವತಿ ಅಕ್ಕ ಮರುದಿನ ಮೆಟ್ಟಿಲಲ್ಲಿ ಸಿಕ್ಕಾಗ ನನ್ನ ಕಿವಿಯ ಹತ್ತಿರ ಬಂದು, "ಅದಕ್ಕೂ ಆಯುಷ್ಯ ಮುಗೀತು ದೇವಾನಂದ, ನನ್ನ ಸ್ವರದ ಹಾಗೆ. ಯಾರನ್ನು ದೂರಿ ಏನು?" ಎಂದರು. ಸತ್ತದ್ದರ ಮೇಲೆ ಸಿಟ್ಟು ಮಾಡುವ ಹೆಂಗಸಲ್ಲ ಅವರು.

ಮಳೆಗಾಲ ಕಳೆದ ಮೇಲೆ ಮನೀಶ ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡ. ಹಳೆಯದರ ಪಟ್ಟಿಯನ್ನು ಬಿಚ್ಚಿ ತಂದು, "ಮಾವ, ನಿಮ್ಮ ಹತ್ರ ಖಾಲಿ ಎನ್‌ಕ್ಲೋಷರ್ ಉಂಟಲ್ಲ, ಇದನ್ನು ಹಾಕಿಕೊಳ್ಳಿ, ಫೋಟೊ ಗೀಟೊ ಇಡ್ಲಿಕ್ಕೆ ಆಯ್ತು" ಎಂದ. ಭಾನುವಾರವಾದ್ದರಿಂದ ನಾನೂ ಅಲ್ಲಿದ್ದೆ. ಚೆನ್ನಯಣ್ಣ ಪಟ್ಟಿ ಕೂರಿಸಿದ, ಮುಚ್ಚಳ ಹಾಕಿದ, ಕಂಪ್ಯೂಟರಿಗೆ ಹಚ್ಚಿದ. ದೀಪ ಹೊತ್ತಿತು. ಪರದೆಯಲ್ಲಿ ಏನೂ ಇಲ್ಲ.

"ಇದೂ ಸತ್ತಿದೆ ನೋಡು" ಎಂದ.

"ಸಾಯ್ಲಿಕ್ಕೆ ಹೇಗೆ ಸಾಧ್ಯ ಮಾವ? ನಿನ್ನೆ ಸಾಯಂಕಾಲದವರೆಗೆ ಇದರಲ್ಲೇ ಕೆಲಸ ಮಾಡಿದ್ದೇನೆ." ಮನೀಶ ಡಬ್ಬಿ ತಿರುಗಿಸಿ ಅದರ ಬೆನ್ನಿನ ಮೇಲಿದ್ದದ್ದನ್ನು ಓದಿ ನಗಲು ಶುರು ಮಾಡಿದ. "ಅರೇ, ಇದು ಬರೀ ಎನ್‌ವಿಎಂಇ ಡಬ್ಬಿ. ನನ್ನ ಪಟ್ಟಿ ಸಾಟಾ. ಎರಡೂ ಒಂದೇ ಅಳತೆ, ಒಳಗೆ ಕೂರ್ತದೆ, ದೀಪ ಸಹ ಹೊತ್ತುತ್ತದೆ. ಆದ್ರೆ ಒಂದರ ಭಾಷೆ ಇನ್ನೊಂದಕ್ಕೆ ಬರುದಿಲ್ಲ. ಇಲ್ಲಿ ನೋಡಿ, ಈ ಚಿನ್ನದ ಹಲ್ಲಿನ ಸಾಲಿನಲ್ಲಿ ಎರಡು ಕಚ್ಚು ಉಂಟಲ್ಲ, ಇಂಥದ್ದು ಹೆಚ್ಚಾಗಿ ಸಾಟಾ. ಎನ್‌ವಿಎಂಇಗೆ ಸಾಧಾರಣ ಒಂದೇ ಕಚ್ಚು. ಎರಡಕ್ಕೂ ಆಗುವ ಡಬ್ಬಿ ತಗೊಂಡಿದ್ರೆ ಈ ರಗಳೆಯೇ ಇಲ್ಲ."

ಚೆನ್ನಯಣ್ಣ ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡ. ಕಚ್ಚುಗಳ ಮೇಲೆ ಹೆಬ್ಬೆರಳು ಆಡಿಸಿದ. ಅವನ ಮುಖದ ರಕ್ತವೆಲ್ಲ ಇಳಿದದ್ದು ಮನೀಶನಿಗೆ ಕಾಣಿಸಲಿಲ್ಲ, ನನಗೆ ಕಾಣಿಸಿತು. "ಚಪ್ಪಲಿ ಹಾಕು, ಕೆಳಗೆ ಹೋಗುವಾ" ಎಂದು ನನ್ನನ್ನು ಎಬ್ಬಿಸಿದ.

ಗೇಟಿನ ಹತ್ತಿರ ನಿಂತು ಹೇಳಿದ, "ಅದರಲ್ಲಿಯೂ ಎರಡೇ ಕಚ್ಚು ಇತ್ತು. ಊದುವಾಗ ನೋಡಿದ್ದೇನೆ. ದೇವಾನಂದ, ಜೀವ ಇದ್ದದ್ದನ್ನು ನಾನು ಕಸಕ್ಕೆ ಹಾಕಿದೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಕಸದ ಗಾಡಿ ಹೋಗಿ ತಿಂಗಳುಗಳಾಗಿದ್ದವು. ಎಲ್ಲಿಂದ ಹುಡುಕುವುದು? "ಅಕ್ಕನಿಗೆ ಹೇಳ್ಬೇಡ" ಎಂದೆ. "ಸತ್ತದ್ದು ಅಂತ ಹೇಗೋ ಸಮಾಧಾನ ಮಾಡಿಕೊಂಡಿದ್ದಾರೆ. ಈಗ ಹೇಳಿ ಯಾರಿಗೆ ಲಾಭ?"

"ಹಾಳಾದದ್ದನ್ನು ಮುಚ್ಚಿಟ್ಟು ನನಗೆ ಅಭ್ಯಾಸ ಇಲ್ಲ" ಎಂದು ಅವನು ಮೆಟ್ಟಿಲು ಹತ್ತಿದ. ನನಗೆ ಸಿಟ್ಟು ಬಂತು. ಇಲ್ಲಿಯೂ ಅದೇ ಕಾನೂನೇ! ಆದರೂ ಹಿಂದೆಯೇ ಹೋದೆ, ಒಬ್ಬನನ್ನೇ ಬಿಡಲು ಮನಸ್ಸಾಗಲಿಲ್ಲ.

ಮನೀಶ ಹೊರಟುಹೋಗಿದ್ದ. ಅಕ್ಕ ಕಿಟಕಿಯ ಹತ್ತಿರ ಕೂತು ಬಸಳೆ ಸೋಸುತ್ತಿದ್ದರು, ಪಕ್ಕದಲ್ಲಿ ಯಕ್ಷಿತಾ. ಚೆನ್ನಯಣ್ಣ ನಿಂತುಕೊಂಡೇ ಎಲ್ಲ ಹೇಳಿದ, ಡಬ್ಬಿಯ ವಿಷಯ, ಕಚ್ಚಿನ ವಿಷಯ, ಅಂಗಡಿಯವನು ಕೇಳಿದ್ದಕ್ಕೆ ತಾನು ಉತ್ತರ ಕೊಡದೆ ಇದ್ದದ್ದು. ಅಕ್ಕನ ಕೈ ನಿಂತಿತು.

"ಬಿಸಾಡುವ ಮೊದಲು ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ಲ?" ಎಂದರು. ಅಷ್ಟನ್ನು ಹೇಳಲು ಅವರು ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. "ಅದು ನಿಮ್ಮ ಸ್ಟೋರಿನ ಸಾಮಾನಲ್ಲ. ನನ್ನ ಮಾತು."

ಅವನು ತಲೆ ತಗ್ಗಿಸಿದ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ಅಕ್ಕ ಬಸಳೆಯ ತಟ್ಟೆ ಬದಿಗಿಟ್ಟರು. ಆಮೇಲೆ ಸ್ಟೂಲು ಅವನ ಕಡೆ ಸರಿಸಿ, "ಕೂತ್ಕೊಳ್ಳಿ. ಬೇಕಂತ ಮಾಡಿದ್ದಲ್ಲ" ಎಂದರು. ಕ್ಷಮಿಸಿಯೇಬಿಟ್ಟರೆಂದು ನನಗೆ ನೆಮ್ಮದಿಯಾಯಿತು. ಹುಡುಗಿ ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು.

"ಅಜ್ಜ, ರೋನಾ ಮತ್" ಎಂದು ಅವಳು ಅವನ ಕೈ ಹಿಡಿದಳು. "ವಿಡಿಯೊ ಹೋದ್ರೆ ಹೋಗ್ಲಿ. ನೀವು ಎಲ್ಲ ಪ್ರೋಗ್ರಾಮ್‌ನಲ್ಲಿ ಇದ್ರಿ ಅಲ್ವಾ? ಅಜ್ಜಿ ರಾಣಿ ಮಾಡುವಾಗ ಎಂತ ಹೇಳ್ತಿದ್ರು, ನೀವು ಹೇಳಿ. ನಾನು ಮೊಬೈಲಲ್ಲಿ ರೆಕಾರ್ಡ್ ಮಾಡ್ತೇನೆ."

ಒಳ್ಳೆಯ ಮಾತೇ. ಅಕ್ಕನೂ ತಿರುಗಿ ಗಂಡನ ಮುಖ ನೋಡಿದರು. ತನಗೆ ಹೊಳೆದದ್ದನ್ನು ಹೇಳಿ ಮರೆತವರು ಅವರು; ಕೇಳಿದವರ ಬಾಯಿಂದ ಅದು ಹೇಗೆ ಬಂದೀತು ಎಂಬ ಕುತೂಹಲ ಆ ಕಣ್ಣಿನಲ್ಲಿತ್ತು. ಚೆನ್ನಯಣ್ಣ ನೆನಪಿಸಿಕೊಳ್ಳಲು ನೋಡಿದ. ನನಗೇ ಅಕ್ಕನ ನಾಲ್ಕು ಮಾತು ನೆನಪಿದ್ದವು, ಆದರೆ ಗಂಡ ಹೇಳಬೇಕಾದ ಜಾಗದಲ್ಲಿ ಮದ್ದಳೆಯವನು ಬಾಯಿ ಹಾಕಬಾರದು.

"ಆ ಸರ್ತಿ ಬ್ಯಾಟರಿ ಕಡಿಮೆ ಇತ್ತು" ಎಂದ ಅವನು. "ಮತ್ತೆ ಒಬ್ಬ ಎದುರಿಗೆ ಬಂದು ನಿಂತಿದ್ದ... ಲೈಟ್ ಅಜ್ಜಿಯ ಮುಖಕ್ಕೆ ಬೀಳ್ತಾ ಇರ್ಲಿಲ್ಲ..."

"ಮಾತು, ಅಜ್ಜ. ಮಾತು ಎಂತ ಹೇಳಿದ್ರು?"

"ಹೇಗೂ ರೆಕಾರ್ಡ್ ಆಗ್ತಾ ಇತ್ತಲ್ಲ" ಎಂದ ಚೆನ್ನಯಣ್ಣ, ಯಾರನ್ನೂ ನೋಡದೆ. "ಆಮೇಲೆ ನಿಧಾನ ಕೂತು ಕೇಳುವಾ ಅಂತ ಇದ್ದೆ."

"ಕೇಳಿದಿರಾ?" ಎಂದರು ನೀಲಾವತಿ ಅಕ್ಕ. "ಒಮ್ಮೆಯಾದ್ರೂ?"

ಅವನು ಇಲ್ಲವೆಂದು ತಲೆಯಾಡಿಸಿದ.