ನೀರಿಗಿಳಿಯದ ಭಾವನವರು

ದೀಪಾವಳಿಯಿಂದ ಶಿವರಾತ್ರಿಯವರೆಗೆ ನಮ್ಮ ಭಾವನವರ ಕಿವಿಗಳನ್ನು ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ. ಕಡೂರಿನ ರೈಲ್ವೆ ಸ್ಟೇಷನ್ನಿನ ಎದುರಿನ ಅಂಗಡಿಯಿಂದ ತಂದ ಕೆಂಪು ಉಣ್ಣೆಯ ಮಫ್ಲರನ್ನು ನೆತ್ತಿಯಿಂದ ಗದ್ದದವರೆಗೆ ಸುತ್ತಿ, ಅದರ ಮೇಲೊಂದು ರುಮಾಲು ಬಿಗಿದು, ಅದರ ಮೇಲೆ ಕಂಬಳಿ ಕೊಪ್ಪೆ ಹೊದ್ದು ಜಗಲಿಯಲ್ಲಿ ಕೂತರೆ, ಒಳಗೊಬ್ಬ ಮನುಷ್ಯ ಇದ್ದಾನೆಂದು ತಿಳಿಯುತ್ತಿದ್ದುದು ಮೂಗಿನ ತುದಿಯಿಂದ ಮಾತ್ರ. ಆ ಮೂಗೂ ಸದಾ ಸೋರುತ್ತಿತ್ತು.

ತೀರಿಕೊಂಡವರನ್ನು ಹೊಗಳಿ ಬರೆಯುವುದು ರೂಢಿ. ನನಗೆ ಅದು ಬರುವುದಿಲ್ಲ. ಭಾವನವರು ನನ್ನ ಗಂಡನ ಅಣ್ಣ, ಮನೆಗೆ ಹಿರಿಯರು. ಆದರೆ ಲಕ್ಕವಳ್ಳಿಯ ಹೊಳೆದಂಡೆಯಿಂದ ಅಜ್ಜಂಪುರದ ಬಯಲಿಗೆ ಸೊಸೆಯಾಗಿ ಬಂದ ಮೊದಲ ವಾರದಲ್ಲೇ ನನಗೆ ಆ ಮನುಷ್ಯನನ್ನು ಕಂಡರೆ ಆಗದೆ ಹೋಯಿತು. ಬೆಳಿಗ್ಗೆ ಹಂಡೆಯ ಬಿಸಿನೀರನ್ನೆಲ್ಲ ಅವರೊಬ್ಬರೇ ಸುರಿದುಕೊಳ್ಳುವರು. ತಳದಲ್ಲಿ ಉಳಿದ ಕದಡು ನಮಗೆ. ಹಾಸಿಗೆ ತಣ್ಣಗಿದೆಯೆಂದು ಹೆಂಡತಿಯನ್ನು ಮೊದಲು ಮಲಗಿಸಿ, ಬೆಚ್ಚಗಾದ ಮೇಲೆ ಎಬ್ಬಿಸಿ ತಾವು ಮಲಗುವರು. ಆ ಪುಣ್ಯಾತ್ಗಿತ್ತಿ ನನ್ನ ಓರಗಿತ್ತಿ ಅದನ್ನೂ ಗಂಡನ ಸೇವೆ ಎಂದುಕೊಂಡು ನೆಲದ ಮೇಲೆ ಮುದುರಿಕೊಳ್ಳುತ್ತಿದ್ದಳು. ಚಳಿಗೆ ಇಷ್ಟು ಹೆದರುವ ಗಂಡಸನ್ನು ನನ್ನ ತವರಿನಲ್ಲಿ ನಾನು ಕಂಡಿರಲಿಲ್ಲ. ಹೆದರಿಕೆಯನ್ನು ಇಷ್ಟು ದರ್ಬಾರಿನಿಂದ ನಡೆಸುವವರನ್ನಂತೂ ಎಲ್ಲಿಯೂ ಕಂಡಿಲ್ಲ.

ಪುಷ್ಯಮಾಸದಲ್ಲಿ ಮದುವೆಯಿಲ್ಲ, ಮನೆ ಒಕ್ಕಲಿಲ್ಲ. ರಾಗಿ ಬಣವೆ ಸೇರಿರುತ್ತದೆ, ಒಕ್ಕಣೆ ಇನ್ನೂ ಶುರುವಾಗಿರುವುದಿಲ್ಲ. ಆ ಬಿಡುವಿನಲ್ಲಿ ನಮ್ಮ ಮನೆಯವರೂ ನೆರೆಯವರೂ ಗಾಡಿ ಕಟ್ಟಿಕೊಂಡು, ತರೀಕೆರೆಯಲ್ಲಿ ಒಂದು ರಾತ್ರಿ ತಂಗಿ, ಭದ್ರಾ ಹೊಳೆಗೆ ಮೀನಿಗೆ ಹೋಗುತ್ತಿದ್ದರು. ನನ್ನ ತವರಿನ ಗದ್ದೆಯ ಬದಿಯಲ್ಲೇ ಬಿಡಾರ. ಗಂಡಸರು ಹಿಡಿದದ್ದನ್ನು ನಾವು ಹೆಂಗಸರು ಸೀಳಿ, ಉಪ್ಪು ಸವರಿ, ಬಂಡೆಯ ಮೇಲೆ ಒಣಗಿಸುವುದು. ಆ ಕಾಲಕ್ಕೆ ಅಲ್ಲಿ ಅಣೆಕಟ್ಟಿನ ಸುದ್ದಿಯೇ ಇರಲಿಲ್ಲ. ಹೊಳೆ ಇಳಿದು ತಿಳಿಯಾಗಿ, ಮೀನೆಲ್ಲ ಮಡುಗಳಲ್ಲಿ ಸೇರಿರುತ್ತಿತ್ತು. ನೀರು ಮಾತ್ರ ಕೊರೆಯುವ ನೀರು. ಬೆಳಗಿನ ಮಂಜಿನಲ್ಲಿ ಕಾಲಿಟ್ಟರೆ ಮೂಳೆಯೊಳಗೆ ನೋವು ಹೊಗುತ್ತಿತ್ತು.

ಚಳಿಗೆ ಇಷ್ಟು ಅಂಜುವವರು ಮನೆಯಲ್ಲಿ ಬೆಚ್ಚಗೆ ಇರಬಾರದೆ? ಇಲ್ಲ, ಹಿರಿಯರಲ್ಲವೆ, ಯಜಮಾನಿಕೆ ಮಾಡಬೇಕು. ಗಾಡಿಯಲ್ಲಿ ಮೀನಿನ ಬುಟ್ಟಿಗಿಂತ ಹೆಚ್ಚಾಗಿ ಅವರ ಸಾಮಾನು ತುಂಬುತ್ತಿತ್ತು. ಹೊಳೆದಂಡೆಯಲ್ಲಿ ಕಾಡೇ ಇದ್ದರೂ ಊರಿನಿಂದ ಒಣಸೌದೆ ಹೊರೆ. ಅಲ್ಲಿಯದು ಇಬ್ಬನಿಗೆ ನೆಂದಿರುತ್ತದೆ, ಹತ್ತುವುದಿಲ್ಲ ಎನ್ನುವರು. ತಲೆಗೊಂದರಂತೆ ಒಣಪಂಚೆ, ಕಂಬಳಿ. ಇದೆಲ್ಲ ಸಾಲದೆಂದು ತೆಂಗಿನಕಾಯಿ ಕೀಳುವ ದೋಟಿ, ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ಬಿದಿರು. ದಾರಿಯುದ್ದಕ್ಕೂ ಅದು ಗಾಡಿಯ ಹಿಂದೆ ಚಾಚಿಕೊಂಡು ಎದುರು ಬಂದವರನ್ನೆಲ್ಲ ನಗಿಸುತ್ತಿತ್ತು.

"ಹೊಳ್ಯಾಗೆ ಕಾಯಿ ಬಿಟ್ಟವಾ ಗೌಡ್ರೆ?" ಎಂದು ತರೀಕೆರೆಯ ಸಂತೆಯಲ್ಲಿ ಒಬ್ಬ ಕೇಳಿದ್ದ.

"ಬಿಟ್ರೆ ನಿಂಗೂ ಒಂದು ಕೊಡ್ತೀನಿ, ನಡಿ" ಎಂದು ಭಾವನವರು ಮೂಗು ಒರೆಸಿಕೊಂಡರು.

ಹೊಳೆಯ ಹತ್ತಿರ ಅವರ ಕಾಟ ಇನ್ನೂ ಹೆಚ್ಚು. ಬಿಸಿಲು ನೀರಿಗೆ ಬೀಳುವವರೆಗೆ ಯಾರೂ ಇಳಿಯಕೂಡದು. ಮೊದಲು ಬೆಂಕಿ, ಆಮೇಲೆ ಬಲೆ. ಸಾರಾಯಿ ಬಾಯಿಗೆ ಸೋಕಿಸಕೂಡದು. ಒಬ್ಬನೇ ಬಂಡೆ ಮರೆಗೆ ಹೋಗಕೂಡದು. ತಾವು ಮಾತ್ರ ದಡದ ಬೆಂಕಿಯ ಪಕ್ಕದಲ್ಲಿ ಕಂಬಳಿಯ ಗುಡ್ಡೆಯಾಗಿ ಕೂತು, ಆಗಾಗ ಒಬ್ಬೊಬ್ಬನನ್ನೇ ಹೆಸರು ಹಿಡಿದು ಕೂಗಿ, ತಮ್ಮ ಎಲೆಅಡಿಕೆ ಸಂಚಿಯನ್ನು ಚಾಚುವರು.

"ಬಿಚ್ಚು ನೋಡಾನ."

ಸಂಚಿಯ ದಾರದ ಗಂಟು ಬಿಚ್ಚಿದವನು ಮತ್ತೆ ನೀರಿಗೆ ಹೋಗಬಹುದು. ಬೆರಳು ಮರಗಟ್ಟಿ ಬಿಚ್ಚಲಾರದವನು ಬೆಂಕಿಯ ಮುಂದೆ ಕೂರಬೇಕು. ಬಿಚ್ಚಿದವನಿಗೆ ಒಳಗಿನಿಂದ ಒಂದು ಚೂರು ಅಡಿಕೆಯನ್ನಾದರೂ ಕೊಡುತ್ತಿದ್ದರೆ? ಅದಿಲ್ಲ. ಸಂಚಿಯನ್ನು ಕಸಿದುಕೊಂಡು ಮತ್ತೆ ಗಂಟು ಹಾಕುವರು. ದೊಡ್ಡ ದೊಡ್ಡ ಮೀಸೆಯ ಗಂಡಸರು ಮಕ್ಕಳಂತೆ ಸಾಲಾಗಿ ಬಂದು ಆ ದಾರ ಎಳೆಯುವುದನ್ನು ಕಂಡು ನಾವು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆವು.

ನಮ್ಮವರ ಜಾಣತನವನ್ನೂ ಹೇಳಿಬಿಡುತ್ತೇನೆ, ಬರೀ ಭಾವನವರನ್ನೇ ಆಡಿಕೊಂಡರೆ ನ್ಯಾಯವಲ್ಲ. ಬಯಲಿನವರು ಕೆರೆಯಲ್ಲಿ ಮೀನು ಹಿಡಿದು ಬೆಳೆದವರು. ಬೀಸುಬಲೆಯ ಹಗ್ಗದ ತುದಿಯನ್ನು ಮುಂಗೈಗೆ ಗಂಟು ಹಾಕಿ ಕಟ್ಟಿಕೊಳ್ಳುವುದು ಅಲ್ಲಿನ ಪದ್ಧತಿ. ಬಲೆ ಹೆಣೆಯಲು ಒಂದು ಮಳೆಗಾಲವೆಲ್ಲ ಬೇಕು. ಅದನ್ನು ನೀರಿನಲ್ಲಿ ಬಿಟ್ಟು ಬಂದವನೆಂದರೆ ಹೆಂಡತಿಯನ್ನು ಜಾತ್ರೆಯಲ್ಲಿ ಬಿಟ್ಟು ಬಂದವನಿಗಿಂತ ಕಡೆ. ನಿಂತ ನೀರಿನ ಕೆರೆಗೆ ಅದು ಸರಿ. ಹರಿಯುವ ಹೊಳೆಯಲ್ಲಿ, ತಳದಲ್ಲಿ ಮರದ ದಿಮ್ಮಿಗಳು ಹೂತಿರುವ ಮಡುವಿನಲ್ಲಿ, ಹಾಗೆ ಕಟ್ಟಿಕೊಳ್ಳುವುದೆಂದರೆ ತಾನೇ ತನ್ನನ್ನು ಗೂಟಕ್ಕೆ ಕಟ್ಟಿಕೊಂಡ ಹಾಗೆ. ನನ್ನ ತವರಿನವರು ಹಗ್ಗವನ್ನು ಮುಷ್ಟಿಯಲ್ಲಿ ಸುಮ್ಮನೆ ಹಿಡಿಯುತ್ತಾರೆ. ಭಾವನವರೂ ಹಾಗೇ ಹಿಡಿಯಬೇಕೆಂದು ಬೈದು ಬೈದು ಹೇಳುತ್ತಿದ್ದರು, ನಾನೂ ಗಂಡನಿಗೆ ಹೇಳಿದೆ. ಅವರು ಎದುರಿಗೆ ಹೂಂ ಎಂದು ಬಂಡೆಯ ಆಚೆ ಹೋಗಿ ಗಂಟು ಹಾಕಿಕೊಳ್ಳುತ್ತಿದ್ದರು.

ಆ ಪುಷ್ಯದ ಬೆಳಿಗ್ಗೆ ನನ್ನ ಗಂಡ ಹೊಸ ಬಲೆ ತಂದಿದ್ದರು. ಭಾವನವರು ಸಂಚಿ ಹಿಡಿದು ಕೂಗಿದರು. "ಬತ್ತೀನಿ ಇರು, ಇದೊಂದು ಬೀಸ್ತೀನಿ" ಎಂದು ಉತ್ತರ ಬಂತು. ಬೀಸಿದರು. ಬಲೆ ತಳದ ದಿಮ್ಮಿಗೆ ಸಿಕ್ಕಿತು. ಎಳೆದರು, ಪಾಚಿಯ ಮೇಲೆ ಕಾಲು ಜಾರಿತು, ಸೆಳವು ಹೊತ್ತುಕೊಂಡು ಹೋಯಿತು. ಹಗ್ಗ ಬಿಗಿಯಾಗಿ ನಿಂತಿತು. ಒಂದು ತುದಿಯಲ್ಲಿ ದಿಮ್ಮಿ, ಇನ್ನೊಂದು ತುದಿಯಲ್ಲಿ ನನ್ನ ಗಂಡನ ಮುಂಗೈ. ತಲೆ ಮುಳುಗುವುದು, ಏಳುವುದು. ಇನ್ನೊಂದು ಕೈಯ ಬೆರಳುಗಳು ಆ ಗಂಟಿನ ಮೇಲೆ ಸುಮ್ಮನೆ ತಡಕಾಡುತ್ತಿದ್ದವು.

ಪಕ್ಕದ ಮನೆಯಾತ ಹಾರಲು ಹೊರಟ. ಕಂಬಳಿಯ ಗುಡ್ಡೆ ಎದ್ದು ನಿಂತಿತು. ಭಾವನವರು ದೋಟಿಯ ಬುಡದಿಂದ ಅವನ ಮೊಣಕಾಲಿಗೆ ಬೀಸಿ ಹೊಡೆದರು.

"ಯಾವನಾದ್ರೂ ಇಳಿದ್ರೆ ಕಾಲ್ ಮುರೀತೀನಿ. ಬಾ ಇಲ್ಲಿ, ನನ್ ಕಾಲ್ ಮೇಲೆ ಕೂತ್ಕೊ."

ನಾನೂ ನೀರಿನ ಕಡೆಗೆ ಓಡಿದ್ದೆ. ಅದುವರೆಗೆ ನನ್ನೊಡನೆ ಒಂದು ಮಾತನ್ನೂ ನೇರವಾಗಿ ಆಡದಿದ್ದ ಭಾವನವರು ತಿರುಗಿ, "ನಿನ್ ಕೆಲ್ಸ ಅಲ್ಲಿಲ್ಲಮ್ಮ. ಒಣಬಟ್ಟೆ ತೆಗೆದಿಡು, ಹೋಗು" ಎಂದರು.

ಬಂಡೆಯ ಮೇಲೆ ಬೋರಲು ಮಲಗಿ, ನೆರೆಯವನನ್ನು ಕಾಲ ಮೇಲೆ ಕೂರಿಸಿಕೊಂಡು, ದೋಟಿಯನ್ನು ನೀರಿಗೆ ಚಾಚಿದರು. ಮೊದಲ ಸಲ ಕುಡುಗೋಲು ತಪ್ಪಿತು. ಎರಡನೆಯ ಸಲ ಹಗ್ಗದ ಜೊತೆಗೆ ಮುಂಗೈ ಚರ್ಮವನ್ನೂ ಸೀಳಿತು. ಹಗ್ಗ ತುಂಡಾದ ಕೂಡಲೇ ಬಿದಿರನ್ನು ತಿರುಗಿಸಿ ಬುಡವನ್ನು ಕೊಟ್ಟರು.

"ಕೈಯಾಗೆ ಹಿಡೀಬ್ಯಾಡ, ನಿಲ್ಲಾಕಿಲ್ಲ. ಕಂಕುಳಾಗೆ ಸಿಕ್ಕಿಸ್ಕೊಳ್ಳೋ."

ಹಾಗೆ ಎಳೆದು ದಡಕ್ಕೆ ಹಾಕಿದರು. ನನ್ನ ಗಂಡನ ತುಟಿ ನೇರಳೆ ಬಣ್ಣವಾಗಿತ್ತು. ಯಾರೋ ಸಾರಾಯಿ ಬುಂಡೆ ತಂದರೆ ಭಾವನವರು ಒದ್ದರು. ಬೆಂಕಿಯ ಮೇಲೇ ಕೂರಿಸಲು ಹೋದರೆ ಬೈದರು. ಒದ್ದೆಬಟ್ಟೆ ಕಿತ್ತು ಒರೆಸಿ, ತಮ್ಮ ಕಂಬಳಿಗಳನ್ನು ಸುತ್ತಿ, ಕೊನೆಗೆ ಆ ಕೆಂಪು ಮಫ್ಲರನ್ನೂ ಬಿಚ್ಚಿ ತಮ್ಮನ ತಲೆಗೆ ಕಟ್ಟಿದರು. ಆವತ್ತು ಅವರ ಕಿವಿ ಕಂಡೆ. ಎಲ್ಲರಿಗೂ ಇರುವಂಥ ಕಿವಿಗಳೇ.

ನಡುಕ ಕಡಮೆಯಾಗಿ, ಬೆಚ್ಚಗಿನ ಗಂಜಿ ಎರಡು ಗುಟುಕು ಒಳಗೆ ಹೋದ ಮೇಲೆ ನನ್ನ ಗಂಡ ಆಡಿದ ಮೊದಲ ಮಾತು, "ಬಲೆ ಹೋಯ್ತಲ್ಲ."

"ಅದ್ರ ಮ್ಯಾಲೆ ಅಷ್ಟು ಪ್ರೀತಿ ಇದ್ರೆ ಅದನ್ನೇ ಕಟ್ಕೋಬೇಕಿತ್ತು ಕಣೋ. ಈ ಹುಡ್ಗೀನ ಯಾಕೆ ಕಟ್ಕೊಂಡೆ" ಎಂದರು ಭಾವನವರು.

ಇಲ್ಲಿಗೆ ನಿಂತಿದ್ದರೆ ನಾನು ಆ ಮನುಷ್ಯನ ಪಾದದ ಧೂಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಆದರೆ ಭಾವನವರು ಭಾವನವರೇ. ವಾಪಸು ಬರುವಾಗ ತರೀಕೆರೆಯಲ್ಲಿ ತಂಗಿದ ರಾತ್ರಿ ಹೇಳಿದ ಕಥೆಯಲ್ಲಿ ಅವರು ಮೊಣಕಾಲುದ್ದ ನೀರಿಗೆ ಇಳಿದಿದ್ದರು. ಅಜ್ಜಂಪುರ ಮುಟ್ಟುವ ಹೊತ್ತಿಗೆ ನೀರು ಕುತ್ತಿಗೆಗೆ ಬಂದಿತ್ತು. ಯುಗಾದಿಯ ಹೊತ್ತಿಗೆ ಅವರು ಬಂಡೆಯಿಂದ ಹಾರಿ, ಮುಳುಗಿ, ಹಲ್ಲಿನಿಂದ ಹಗ್ಗ ಕಡಿದು, ತಮ್ಮನನ್ನು ಜುಟ್ಟು ಹಿಡಿದು ಎಳೆತಂದಿದ್ದರು. ದೋಟಿ ಕಥೆಯಿಂದ ಮಾಯವಾಗಿತ್ತು. ಬಂಡೆಯ ಮೇಲೆ ಬೋರಲು ಬಿದ್ದು ತಮ್ಮನನ್ನು ತೆಂಗಿನಕಾಯಿಯಂತೆ ಕೊಯ್ದುಕೊಂಡೆ ಎಂದರೆ ಗಂಡಸುತನಕ್ಕೆ ಕುಂದಲ್ಲವೆ? ತಮ್ಮ ಜೀವಮಾನದಲ್ಲಿ ಮಾಡಿದ ಒಂದೇ ಒಂದು ಬುದ್ಧಿವಂತ ಕೆಲಸದ ಬಗ್ಗೆ ಆ ಮನುಷ್ಯನಿಗೆ ನಾಚಿಕೆಯಿತ್ತು.

ಕಥೆಯನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವನು ಅವರ ಮನೆಅಳಿಯ. ಒಬ್ಬಳೇ ಮಗಳನ್ನು ಕೊಟ್ಟು ಮನೆಯಲ್ಲೇ ಇಟ್ಟುಕೊಂಡಿದ್ದರು. ಒಳ್ಳೆಯ ಹುಡುಗ, ಮಾವನೆಂದರೆ ದೇವರು. ಒಂದು ಹಬ್ಬದ ಊಟದಲ್ಲಿ ಭಾವನವರು ಮತ್ತೆ ಹಾರಿ ಮುಳುಗಿ ಎದ್ದಾಗ ನನಗೆ ತಡೆಯಲಾಗಲಿಲ್ಲ. ಭಾವನೆದುರು ಸೊಸೆ ಮಾತಾಡುವ ಕಾಲ ಅದಲ್ಲ. ಆದರೂ ಅಡಿಗೆಮನೆ ಬಾಗಿಲಲ್ಲಿ ನಿಂತು ಹೇಳಿದೆ:

"ಭಾವನೋರು ನೀರಿಗೆ ಇಳೀಲೇ ಇಲ್ಲ. ಅವತ್ತು ಅವರ ಪಂಚೆ ಅಂಚೂ ನೆಂದಿರ್ಲಿಲ್ಲ. ದೋಟೀಲಿ ಹಗ್ಗ ಕುಯ್ದಿದ್ದು."

ಪಂಕ್ತಿಯೆಲ್ಲ ನನ್ನತ್ತ ತಿರುಗಿತು. ಭಾವನವರು ತುತ್ತು ನುಂಗಿ, "ಅಳ್ತಾ ಕೂತಿದ್ದೋಳಿಗೆ ಏನ್ ಕಾಣ್ತದೆ ಬಿಡ್ರಪ್ಪಾ" ಎಂದರು. ಎಲ್ಲರೂ ನಕ್ಕರು. ಅಳಿಯನೂ ನಕ್ಕ. ನನ್ನ ಗಂಡ, ಮುಂಗೈಯಲ್ಲಿ ಕುಡುಗೋಲಿನ ಕಲೆ ಇಟ್ಟುಕೊಂಡ ಮಹಾಶಯರು, ಅಣ್ಣನ ಮರ್ಯಾದೆ ಕಾಯಲು ಎಲೆ ನೋಡುತ್ತ ಕೂತಿದ್ದರು. ಹೊಗಳಿಕೆಯನ್ನೇ ಬೈಗುಳ ಎಂದುಕೊಂಡು ಭಾವನವರು ನನ್ನೊಡನೆ ಅಂದಿನಿಂದ ಮಾತು ಬಿಟ್ಟರು.

ಕೆಲವು ವರ್ಷಗಳ ಮೇಲೆ ಅವರಿಗೆ ಉಬ್ಬಸ ಹಿಡಿದು ಪುಷ್ಯದಲ್ಲಿ ಮನೆಯಲ್ಲೇ ಉಳಿಯಬೇಕಾಯಿತು. ಅಳಿಯನ ಯಜಮಾನಿಕೆಯಲ್ಲಿ ಗಾಡಿಗಳು ಹೊರಟವು. ಆ ಸಲ ಗಾಡಿಯಲ್ಲಿ ಒಣಸೌದೆ ಇರಲಿಲ್ಲ, ಸಂಚಿಯ ಕಾಟವಿರಲಿಲ್ಲ. ದೋಟಿ ಕೊಟ್ಟಿಗೆಯಲ್ಲೇ ಉಳಿಯಿತು. ಕಥೆಯಲ್ಲಿಲ್ಲದ ದೋಟಿಯನ್ನು ಯಾರು ತಾನೆ ಹೊರುತ್ತಾರೆ? ಮಂಜು ಇನ್ನೂ ಹರಿದಿರಲಿಲ್ಲವಂತೆ. ಜೊತೆಗಾರನೊಬ್ಬನ ಬಲೆ ಸಿಕ್ಕಿ ಅವನು ಸೆಳವಿಗೆ ಬಿದ್ದ. ಅಳಿಯ ಉಟ್ಟ ಬಟ್ಟೆಯಲ್ಲೇ ಬಂಡೆಯಿಂದ ಹಾರಿದ. ಹಗ್ಗ ತಾನಾಗಿ ಕಿತ್ತು ಜೊತೆಗಾರ ಮರಳದಿಬ್ಬಕ್ಕೆ ಹೋಗಿ ಬಿದ್ದು ಬದುಕಿಕೊಂಡ. ಅಳಿಯ ಆ ತಣ್ಣೀರಿಗೆ ಬಿದ್ದವನು ಒಮ್ಮೆ ಬಾಯಿ ಬಿಟ್ಟು ಉಸಿರೆಳೆದನಂತೆ, ನೀರು ಒಳಗೆ ಹೋಗಿ ಮತ್ತೆ ಏಳಲಿಲ್ಲ, ಅಷ್ಟೇ. ಈಜು ಚೆನ್ನಾಗಿ ಬರುತ್ತಿದ್ದ ಹುಡುಗ.

ಗಾಡಿ ಅಂಗಳಕ್ಕೆ ಬಂದಾಗ ಊರೆಲ್ಲ ಸೇರಿತ್ತು. ಭಾವನವರ ಹೆಗಲು ಹಿಡಿದು ಒಬ್ಬರು ಸಮಾಧಾನ ಹೇಳಿದರು. "ಮಾವನಂಗೇ ಗಂಡೆದೆ ಕಣ್ರೀ. ಒಂದ್ ಚಣ ಯೋಚ್ನೆ ಮಾಡ್ಲಿಲ್ಲ, ನಿಮ್ಮಂಗೇ ಹಾರ್ಬಿಟ್ಟ."

ಭಾವನವರು ಆಗಲಾದರೂ ನಿಜ ಹೇಳಬಹುದಿತ್ತು. ಮಗಳ ಅಳುವಿನ ನಡುವೆ ಆ ಮಾತನ್ನು ಇನ್ನೂ ನಾಲ್ಕು ಜನ ಹೇಳಿದರು. ಅಷ್ಟನ್ನೂ ಕೇಳಿಸಿಕೊಂಡು, ಮಫ್ಲರಿನೊಳಗೆ ಮುಖ ಹುದುಗಿಸಿ ಕೂತರು. ನನಗೆ ಕನಿಕರ ಬರಲಿಲ್ಲ. ಹೇಸಿಗೆಯಾಯಿತು.

ಆಮೇಲೆ ಅವರ ಬಾಯಲ್ಲಿ ಆ ಕಥೆ ಬರಲಿಲ್ಲ. ಊರಿನವರ ಬಾಯಲ್ಲಿ ನಿಲ್ಲಲೂ ಇಲ್ಲ. ಅಳಿಯನ ಇಬ್ಬರು ಗಂಡುಮಕ್ಕಳು ಅದನ್ನು ಕೇಳುತ್ತಲೇ ಬೆಳೆದರು. ತಾತ ಹಾರಿದ, ಅಪ್ಪ ಹಾರಿದ, ಇನ್ನು ನಾವು. ಆ ಮಕ್ಕಳು ಹಾಗೆ ಮಾತಾಡಿಕೊಳ್ಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಕೊನೆಯ ಚಳಿಗಾಲದಲ್ಲಿ ಭಾವನವರು ಮಲಗಿದಲ್ಲಿಂದ ಏಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಗಂಜಿ ಕೊಡಲು ಹೋದಾಗ, ಅಷ್ಟು ವರ್ಷಗಳ ಮೌನ ಮುರಿದು ಮಾತಾಡಿದರು.

"ನೀನ್ ಹೇಳಿದ್ದೇ ನಿಜ ಅಂತ ಹುಡುಗ್ರಿಗೆ ಹೇಳಮ್ಮ."

"ಅಲ್ಲೇ ಜಗಲಿ ಮೇಲವ್ರೆ. ಕರೀತೀನಿ, ನೀವೇ ಹೇಳಿ" ಎಂದೆ.

ಕರೆದೆ. ಇಬ್ಬರೂ ಬಂದು ಹಾಸಿಗೆಯ ಪಕ್ಕ ನಿಂತರು. ಭಾವನವರು ಅವರನ್ನೇ ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಹುಡುಗರು ಕಾದು ಕಾದು ಹೊರಗೆ ಹೋದರು.

"ಬರಾಕಿಲ್ಲ ಕಣಮ್ಮ" ಎಂದರು. "ನೀನೇ ಹೇಳು."

ವಾರ ಕಳೆಯುವುದರೊಳಗೆ ಹೋಗಿಬಿಟ್ಟರು. ಜೀವಮಾನವೆಲ್ಲ ಬಿಸಿನೀರು, ಬೆಚ್ಚನೆಯ ಹಾಸಿಗೆ, ಬೇರೆಯವರ ಹೊಗಳಿಕೆ ಬೇಡಿ ಬದುಕಿದ ಮನುಷ್ಯ. ಒಂದು ಮಾತು, ಒಂದೇ ಒಂದು ನಿಜವಾದ ಮಾತು ಆಡಲಾಗದೆ ಅದನ್ನೂ ಇನ್ನೊಬ್ಬರ ಹೆಗಲಿಗೆ ಹಾಕಿ ಹೋದರು. ತಿಥಿ ಮುಗಿದ ಮೇಲೆ ಹುಡುಗರಿಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ನಿಮ್ಮ ತಾತ ಹಾರಲಿಲ್ಲ. ಹಾರುವವರನ್ನು ಹೊಡೆದು ನಿಲ್ಲಿಸಿದರು. ದಡದಲ್ಲೇ ಮಲಗಿ ದೋಟಿ ಚಾಚಿದರು. ಅದಕ್ಕೇ ಇವರು ಬದುಕಿ ಮನೆಗೆ ಬಂದರು ಎಂದು, ಗಂಡನ ಮುಂಗೈ ಹಿಡಿದು ತೋರಿಸಿದೆ. ನನ್ನ ಗಂಡ ಆವತ್ತು ಹೌದೆಂದು ತಲೆಯಾಡಿಸಿದರು.

ದೊಡ್ಡವನು ಆ ಕಲೆಯನ್ನು ಬಹಳ ಹೊತ್ತು ನೋಡಿದ.

"ಹಂಗಾದ್ರೆ ನಮ್ಮಪ್ಪ ಯಾಕೆ ಹಾರಿದ?" ಎಂದು ಕೇಳಿದ.

ಅದಕ್ಕೆ ಉತ್ತರ ಹೇಳುವುದನ್ನೂ ಭಾವನವರು ನನಗೇ ಬಿಟ್ಟು ಹೋಗಿದ್ದರು. ಗಂಡನ ಜೀವದ ಋಣ ಇತ್ತಲ್ಲ, ತಾತನ ಸುಳ್ಳನ್ನು ನಂಬಿ ಹಾರಿದನೆಂದು ಹೇಳಿದೆ.