ನಿಧಾನದ ಪದ

ನೀರಾವರಿ ಇಲಾಖೆಯಲ್ಲಿದ್ದಾಗ ಒಮ್ಮೆ ಕಮಲಾಪುರದ ಕಾಲುವೆಯ ತೂಬು ಮುಚ್ಚಲು ಹೋಗಿದ್ದೆ. ಕೆಳಗಿನ ಗದ್ದೆಯಲ್ಲಿ ಹೆಣ್ಣುಮಕ್ಕಳು ಭತ್ತದ ಸಸಿ ಹಚ್ಚುತ್ತಿದ್ದರು. ನಡುವೆ ಒಬ್ಬ ಹುಡುಗಿ ಪದ ಹೇಳುತ್ತಿದ್ದಳು. ಇವತ್ತು ನಾಡೆಲ್ಲ ಕೇಳುವ ದನಿ ಅದೇ. ಮೈಮರೆತು, "ತಂಗಿ, ಒಂದು ನಿಧಾನದ ಪದ ಹಾಡವಾ" ಅಂದುಬಿಟ್ಟೆ.

ಹಾಡಿದಳು. ನೋಡನೋಡುತ್ತಲೇ ಗದ್ದೆಯ ಅಷ್ಟೂ ಕೈಗಳು ನಿಧಾನವಾದವು!

ಗುಂಪಿನ ಹಿರಿಯಾಕೆ ಸೊಂಟ ನೆಟ್ಟಗೆ ಮಾಡಿ ಕೂಗಿದಳು: "ಏನ್ರೀ ಸಾಹೇಬ್ರ, ನೀರು ಬಂದ್ ಮಾಡೋರೂ ನೀವ, ನಿಧಾನದ ಪದ ಕೇಳೋರೂ ನೀವ! ನಾಟಿ ಮುಗಿಯೋದು ಬ್ಯಾಡೇನ್ರಿ? ಏ ಹುಡುಗಿ, ಜಲ್ದಿ ಪದ ಎತ್ತು!"

ಹುಡುಗಿ ನಕ್ಕು ದನಿ ಏರಿಸಿದಳು. ಕೈಗಳು ಓಡಿದವು.

ಈಗ ಆ ನಿಧಾನದ ಪದ ರೇಡಿಯೋದಲ್ಲಿ ಬಂದರೆ ನನ್ನ ಹೆಂಡತಿ ರೊಟ್ಟಿ ಬಡಿಯುವ ಕೈ ನಿಧಾನವಾಗುತ್ತದೆ. ಎಷ್ಟು ಹಸಿದರೂ ನಾನು ಚಕಾರ ಎತ್ತುವುದಿಲ್ಲ. ಮೊದಲು ಹಾಡಿಸಿದವನೇ ನಾನು.